ಹೊಸ್ತಿಲೊಳಗಣ ಯಂತ್ರಬುದ್ಧಿ: ಸ್ಮಾರ್ಟ್ ಮನೆಯೂ ಖಾಸಗಿತನವೂ

ದೀಪ, ಬೀಗ, ಫ್ಯಾನು, ಕ್ಯಾಮೆರಾ ಮುಂತಾದ ಗೃಹೋಪಕರಣಗಳಿಗೆ ಒಡೆಯನ ಆಣತಿಯನ್ನು ಗ್ರಹಿಸುವ ಶಕ್ತಿಯನ್ನು ತುಂಬಿ ಮನೆಯನ್ನು ವಿಧೇಯವನ್ನಾಗಿ ಮಾಡಬೇಕೆಂಬ ಪ್ರಯತ್ನಕ್ಕೆ ಈಗ ಅರ್ಧಶತಮಾನಕ್ಕೂ ಮೀರಿದ ಇತಿಹಾಸವಿದೆ. ಈ ಅವಧಿಯಲ್ಲಿ ಯಂತ್ರದ ಬುದ್ಧಿ ಮೊದಲು ಮನೆಯೊಳಗೇ ಇದ್ದು, ಅನಂತರ ದೂರದ ಸರ್ವರ್‌ಗಳಿಗೆ ವಲಸೆಹೋಗಿ, ಇತ್ತೀಚೆಗೆ ಮತ್ತೆ ಮನೆಯತ್ತ ಮುಖಮಾಡಿದೆ. ಈ ನಿರ್ಗಮನ ಪುನರಾಗಮನಗಳ ಚರಿತ್ರೆಯನ್ನು ಬಿಟ್ಟು ಗೃಹಸ್ಥನ ಖಾಸಗಿತನದ ಪ್ರಶ್ನೆಯನ್ನು ಅರಿಯಲಾಗದು.

ಜನಬಳಕೆಗೆ ಬಂದ ಆದ್ಯ ವ್ಯವಸ್ಥೆಗಳಲ್ಲಿ ಪ್ರಧಾನವಾದುದು ಸ್ಕಾಟ್ಲೆಂಡಿನ ಪೈಕೋ ಎಲೆಕ್ಟ್ರಾನಿಕ್ಸ್ ಸಂಸ್ಥೆ 1975ರಲ್ಲಿ ರೂಪಿಸಿದ ಎಕ್ಸ್-10. ಗೋಡೆಯೊಳಗಣ ವಿದ್ಯುತ್ ತಂತಿಯ ಮೂಲಕವೇ ಸಂಕೇತಗಳನ್ನು ಕಳುಹಿಸಿ, 256 ವಿಳಾಸಗಳವರೆಗೆ ಉಪಕರಣಗಳನ್ನು ಹೊತ್ತಿಸಿ ಆರಿಸಬಲ್ಲ ಈ ವ್ಯವಸ್ಥೆಗೆ ಗುಪ್ತಲಿಪಿಯ ರಕ್ಷಣೆಯಿರಲಿಲ್ಲ. ನೆರೆಮನೆಯ ಸಂಕೇತ ತಂತಿಗುಂಟ ಹರಿದುಬಂದು ಈ ಮನೆಯ ದೀಪವನ್ನು ಹೊತ್ತಿಸುವುದೂ ಉಂಟಾಗಿತ್ತು. ಆದರೂ ಅದು ಏನನ್ನೂ ನೆನಪಿಡುತ್ತಿರಲಿಲ್ಲ, ಯಾರಿಗೂ ವರದಿ ಒಪ್ಪಿಸುತ್ತಿರಲಿಲ್ಲ. ಅಂದಿನ ಖಾಸಗಿತನ ಯಂತ್ರಶಿಲ್ಪಿಗಳ ವಿವೇಕದಿಂದ ಬಂದುದಲ್ಲ. ಯಂತ್ರದ ಅಸಾಮರ್ಥ್ಯದಿಂದ ಒದಗಿದುದು.

ಅಪಾಯದ ಮೊದಲ ಸುಳಿವು ದೊರೆತುದು ವಿದ್ಯುತ್ ಮೀಟರಿನಲ್ಲಿ. ಅಮೆರಿಕದ ಎಂ.ಐ.ಟಿ.ಯಲ್ಲಿ 1980ರ ದಶಕದಲ್ಲಿ ಸಂಶೋಧನೆ ನಡೆಸಿದ ಜಾರ್ಜ್ ಹಾರ್ಟ್, ಇಡೀ ಮನೆಯ ವಿದ್ಯುತ್ ಬಳಕೆಯ ಏರಿಳಿತವನ್ನಷ್ಟೇ ಸೂಕ್ಷ್ಮವಾಗಿ ಅಳೆದರೆ, ಯಾವ ಉಪಕರಣ ಯಾವ ಗಳಿಗೆಯಲ್ಲಿ ಚಾಲನೆಗೊಂಡಿತೆಂಬುದನ್ನು ಹೊರಗಿನಿಂದಲೇ ಊಹಿಸಬಹುದೆಂದು ತೋರಿಸಿದರು; ಅದೇ ವಿದ್ಯೆ ಮನೆಯವರ ಮೇಲಣ ಕಣ್ಗಾವಲಿಗೂ ಸಾಧನವಾದೀತೆಂದು 1989ರಲ್ಲಿ ತಾವೇ ಎಚ್ಚರಿಸಿದರು. ಮನೆಮಂದಿ ಏಳುವ, ಉಣ್ಣುವ, ಮಲಗುವ ವೇಳೆಗಳು ಅಂಕಿಗಳಲ್ಲಿ ಅಡಗಿವೆಯೆಂಬ ಈ ಅರಿವು ವಿದ್ವತ್ಪತ್ರಿಕೆಗಳಲ್ಲೇ ಉಳಿಯಲಿಲ್ಲ. 2009ರಲ್ಲಿ ನೆದರ್ಲೆಂಡ್ಸಿನ ಮೇಲ್ಮನೆ, ಸ್ಮಾರ್ಟ್ ಮೀಟರುಗಳನ್ನು ಎಲ್ಲ ಮನೆಗಳಿಗೂ ಕಡ್ಡಾಯಗೊಳಿಸುವ ಮಸೂದೆಯನ್ನು ಖಾಸಗಿತನದ ಕಾರಣದಿಂದಲೇ ತಡೆಹಿಡಿಯಿತು.

ಯಂತ್ರಬುದ್ಧಿಯ ವಲಸೆ ಪೂರ್ಣಗೊಂಡುದು ಮುಂದಿನ ದಶಕದಲ್ಲಿ. ಮನೆಮಂದಿಯ ಅಭ್ಯಾಸಗಳನ್ನು ತಾನೇ ಕಲಿತು ಉಷ್ಣತೆಯನ್ನು ನಿಯಂತ್ರಿಸುವ ನೆಸ್ಟ್ ಉಪಕರಣ 2011ರಲ್ಲಿ ಮಾರುಕಟ್ಟೆಗೆ ಬಂದಿತು. ಮೂರೇ ವರ್ಷಗಳೊಳಗೆ, 2014ರಲ್ಲಿ, ಗೂಗಲ್ ಆ ಸಂಸ್ಥೆಯನ್ನು 320 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಮಾತಿನ ಆಣತಿಯನ್ನು ಪಾಲಿಸುವ ಧ್ವನಿಸಹಾಯಕವಾದ ಅಮೆಜಾನಿನ ಎಕೋ ಬಂದಿತು. ಮಾತನ್ನು ಅರ್ಥೈಸುವ ಗಣನೆ ಅಂದಿನ ಅಗ್ಗದ ಚಿಪ್ಪುಗಳಿಗೆ ಮೀರಿದುದಾಗಿದ್ದುದರಿಂದ, ಕರೆಯುವ ಹೆಸರನ್ನು ಮಾತ್ರ ಉಪಕರಣ ತಾನೇ ಗುರುತಿಸುತ್ತಿತ್ತು. ಬಳಿಕದ ಮಾತೆಲ್ಲ ಕ್ಲೌಡಿಗೆ, ಎಂದರೆ ಸಂಸ್ಥೆಯ ದೂರದ ಸರ್ವರ್‌ಗಳಿಗೆ, ಹೋಗುತ್ತಿತ್ತು. ತಾಂತ್ರಿಕ ಅನಿವಾರ್ಯತೆಯಾಗಿ ಆರಂಭವಾದ ಈ ಏರ್ಪಾಡು ಕ್ರಮೇಣ ವಾಣಿಜ್ಯದ ಅನುಕೂಲವಾಗಿ ಪರಿಣಮಿಸಿತು.

ಪರಿಣಾಮಗಳು ಒಂದೊಂದಾಗಿ ಪ್ರಕಟವಾದುವು. ವೀಕ್ಷಕರ ಸಮ್ಮತಿಯಿಲ್ಲದೆ ಸುಮಾರು 1 ಕೋಟಿ 10 ಲಕ್ಷ ಟೀವಿಗಳಿಂದ ನೋಟದ ವಿವರಗಳನ್ನು ಸಂಗ್ರಹಿಸಿದ ಆರೋಪದ ಮೇಲೆ ವಿಜಿಯೋ ಸಂಸ್ಥೆ 2017ರಲ್ಲಿ 22 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಧ್ವನಿಸಹಾಯಕಗಳ ಮುದ್ರಣಗಳಲ್ಲಿ ಕೆಲವನ್ನು ನೌಕರರೂ ಗುತ್ತಿಗೆದಾರರೂ ಆಲಿಸುತ್ತಿದ್ದರೆಂಬುದು 2019ರಲ್ಲಿ ಬೆಳಕಿಗೆ ಬಂದಿತು. ಮಕ್ಕಳ ಧ್ವನಿಮುದ್ರಣಗಳನ್ನು ಅಳಿಸದೆ ಉಳಿಸಿಕೊಂಡ ಆರೋಪದ ಇತ್ಯರ್ಥಕ್ಕಾಗಿ ಅಮೆಜಾನ್ 2023ರಲ್ಲಿ 2.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಗುಪ್ತಲಿಪಿಯೇ ಸಾಕಾದ ಕವಚವೆಂದು ನಂಬಿದವರಿಗೂ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಉತ್ತರವಿತ್ತರು: ಸಂದೇಶದ ಒಡಲನ್ನು ಓದಲಾಗದಿದ್ದರೂ, ಅದು ಹೊರಟ ಹೊತ್ತು ಮತ್ತು ಗಾತ್ರಗಳಿಂದಲೇ ಮನೆಯವರ ನಡೆನುಡಿಯನ್ನು ಊಹಿಸಬಹುದೆಂದು ಅವರು ತೋರಿಸಿದರು. ಪರಾವಲಂಬನೆಯ ಇನ್ನೊಂದು ಮುಖ 2016ರಲ್ಲಿ ಕಂಡಿತು. ರಿವಾಲ್ವ್ ಎಂಬ ಉಪಕರಣದ ಸರ್ವರನ್ನು ನೆಸ್ಟ್ ಮುಚ್ಚಿದೊಡನೆ, ಗ್ರಾಹಕರು ಹಣತೆತ್ತು ಕೊಂಡಿದ್ದ ಪೆಟ್ಟಿಗೆಗಳು ನಿರುಪಯುಕ್ತವಾದುವು.

ಈ ಕ್ಲೌಡ್ ವ್ಯವಸ್ಥೆಗೆ ಪ್ರತಿಯಾಗಿ, ನಿಯಂತ್ರಣವನ್ನು ಮನೆಯೊಳಗೇ ಉಳಿಸುವ ಮತ್ತೊಂದು ಧಾರೆ, ಪ್ರಚಾರದ ಸದ್ದಿಲ್ಲದೆ, ಸ್ವಯಂಸೇವಕರ ಪರಿಶ್ರಮದಿಂದ ಬೆಳೆಯುತ್ತಿದ್ದಿತು. ಜರ್ಮನಿಯ ಕಾಯ್ ಕ್ರಾಯ್ಟ್ಸರ್ 2010ರಲ್ಲಿ ಓಪನ್‌ಹ್ಯಾಬ್ ತಂತ್ರಾಂಶವನ್ನೂ, ಪಾಲಸ್ ಸ್ಖೌಟನ್ 2013ರಲ್ಲಿ ಹೋಮ್ ಅಸಿಸ್ಟೆಂಟನ್ನೂ ಆರಂಭಿಸಿದರು. ನಡುವೆ 2012ರಲ್ಲಿ 35 ಡಾಲರಿನ ರಾಸ್ಪ್‌ಬೆರಿ ಪೈ ಬಂದುದರಿಂದ, ಅಂಗೈಯಗಲದ ಕಂಪ್ಯೂಟರೊಂದೇ ಮನೆಯ ಸಮಸ್ತ ಉಪಕರಣಗಳ ಸೂತ್ರಧಾರತ್ವವನ್ನು ವಹಿಸುವುದು ಸಾಧ್ಯವಾಯಿತು. ಜಿಗ್‌ಬೀ, ಝಡ್-ವೇವ್‌ಗಳೆಂಬ ರೇಡಿಯೋ ಪದ್ಧತಿಗಳಿಗೆ ಇಂಟರ್ನೆಟ್ಟಿನ ಹಂಗಿಲ್ಲವಾದುದರಿಂದ ದೀಪವೂ ಸೆನ್ಸಾರೂ ಹೊರಲೋಕವನ್ನು ಮುಟ್ಟದೆ ಪರಸ್ಪರ ವ್ಯವಹರಿಸಬಲ್ಲವು. ಕ್ಲೌಡನ್ನೇ ನಂಬಿದ್ದ ಅನೇಕ ಅಗ್ಗದ ವೈಫೈ ಸ್ವಿಚ್ಚುಗಳಲ್ಲಿ ಮೂಲ ತಂತ್ರಾಂಶವನ್ನು ತೆಗೆದು ಟಾಸ್ಮೋಟ ಅಥವಾ ಇಎಸ್‌ಪಿಹೋಮ್ ಎಂಬ, ಮನೆಯೊಳಗೇ ನಡೆಯುವ ತಂತ್ರಾಂಶವನ್ನು ತುಂಬುವ ಪದ್ಧತಿಯೂ ಬಳಕೆಗೆ ಬಂದಿತು. ಹೋಮ್ ಅಸಿಸ್ಟೆಂಟಿನ ಒಡೆತನವನ್ನು 2024ರಲ್ಲಿ ಓಪನ್ ಹೋಮ್ ಫೌಂಡೇಶನ್ ಎಂಬ ಪ್ರತಿಷ್ಠಾನಕ್ಕೆ ಒಪ್ಪಿಸಲಾಯಿತು.

ದೊಡ್ಡ ಸಂಸ್ಥೆಗಳೂ ಈ ಧಾರೆಯಿಂದ ದೂರ ಉಳಿಯಲಿಲ್ಲ. ಆ್ಯಪಲ್, ಗೂಗಲ್, ಅಮೆಜಾನ್ ಮೊದಲಾದುವು ಕೂಡಿ 2022ರಲ್ಲಿ ಪ್ರಕಟಿಸಿದ ಮ್ಯಾಟರ್ ಎಂಬ ಮಾನದಂಡ, ಉಪಕರಣಗಳ ನಿಯಂತ್ರಣ ಮನೆಯ ಜಾಲದೊಳಗೇ ನಡೆಯಬೇಕೆಂಬುದನ್ನು ತಳಹದಿಯಾಗಿ ಅಂಗೀಕರಿಸಿತು. ಆದರೆ ತಯಾರಕರು ತಮ್ಮ ಆ್ಯಪಿನ ಮೂಲಕ ವಿವರಗಳನ್ನು ಸಂಗ್ರಹಿಸುವುದನ್ನು ಅದು ನಿಷೇಧಿಸುವುದಿಲ್ಲ. ಅದೇ ವರ್ಷ ಮುಕ್ತವಾಗಿ ಲಭ್ಯವಾದ ವಿಸ್ಪರ್ ಎಂಬ ವಾಕ್‌ಗ್ರಹಣ ಮಾದರಿ, ಮಾತನ್ನು ಮನೆಯ ಕಂಪ್ಯೂಟರಿನಲ್ಲಿಯೇ ಬರಹಕ್ಕಿಳಿಸುವುದನ್ನು ಸುಲಭಗೊಳಿಸಿತು. ಅದು ಬಲ್ಲ ಭಾಷೆಗಳಲ್ಲಿ ಕನ್ನಡವೂ ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿಸ್ಪಿನ್ ಯೋಜನೆ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಧ್ವನಿಸಾಮಗ್ರಿಯನ್ನು ಮುಕ್ತವಾಗಿ ಒದಗಿಸುವ ಕಾರ್ಯವನ್ನು ಕೈಗೊಂಡಿತು. ಇದಕ್ಕೆ ವಿರುದ್ಧವಾದ ಚಲನೆಯೂ ಉಂಟು: ಧ್ವನಿಮುದ್ರಣವನ್ನು ಕಳುಹಿಸದಿರುವಂತೆ ಕೆಲವು ಎಕೋ ಉಪಕರಣಗಳಲ್ಲಿದ್ದ ಆಯ್ಕೆಯನ್ನು ಅಮೆಜಾನ್ 2025ರ ಮಾರ್ಚಿನಲ್ಲಿ ಹಿಂತೆಗೆದುಕೊಂಡಿತು.

ಇನ್ನು ಕಾನೂನಿನ ಮಾತು. ಕರ್ನಾಟಕ ಉಚ್ಚನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂದಿತು. ಆದರೆ ವ್ಯಕ್ತಿಯೊಬ್ಬ ಸ್ವಂತಕ್ಕೆ ಅಥವಾ ಗೃಹಕೃತ್ಯಕ್ಕೆ ಬಳಸುವ ದತ್ತಾಂಶವನ್ನು ಈ ಅಧಿನಿಯಮ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಯಂತ್ರಬುದ್ಧಿ ಮನೆಗೆ ಮರಳಿದಾಗ ಹೊಣೆಯೂ ಅದರೊಡನೆ ಮನೆಯೊಡೆಯನ ಹೆಗಲೇರುತ್ತದೆ. ಅಡುಗೆಯವರು, ಬಾಡಿಗೆದಾರರು, ಅತಿಥಿಗಳು, ಸ್ವಂತ ಮಕ್ಕಳು ಇವರ ಮುಂದೆ ಹಿಂದೆ ದತ್ತಾಂಶವನ್ನು ಸಂಗ್ರಹಿಸುತ್ತಿದ್ದ ಸಂಸ್ಥೆಯ ಸ್ಥಾನದಲ್ಲಿ ಈಗ ಅವನೇ ನಿಲ್ಲುತ್ತಾನೆ. ಮನೆಯ ಕ್ಯಾಮೆರಾ ಸಾರ್ವಜನಿಕ ಬೀದಿಯನ್ನೂ ಚಿತ್ರಿಸುವುದಾದರೆ ಅದು ಕೇವಲ ಗೃಹಕೃತ್ಯವಾಗದೆಂದು ಯೂರೋಪಿನ ನ್ಯಾಯಾಲಯ 2014ರಲ್ಲಿ, ಝೆಕ್ ಗೃಹಸ್ಥನೊಬ್ಬನ ಪ್ರಕರಣದಲ್ಲಿ, ತೀರ್ಪಿತ್ತಿತ್ತು.

ಕಾನೂನು ದತ್ತಾಂಶ ಹೊಸ್ತಿಲು ದಾಟಿದ ಬಳಿಕ ಅದನ್ನು ಕಾಯುತ್ತದೆ. ಸ್ಥಳೀಯ ಯಂತ್ರ ದಾಟದಂತೆಯೇ ನೋಡಿಕೊಳ್ಳುತ್ತದೆ. ಎರಡನೆಯದೇ ಹೆಚ್ಚು ಭದ್ರವಾದ ರಕ್ಷಣೆಯೆಂಬುದು ಈ ಸಮೀಕ್ಷೆಯಿಂದ ಹೊರಡುವ ನಿರ್ಣಯ. ಹೊಸ ಉಪಕರಣವನ್ನು ಕೊಳ್ಳುವವರು ಇಂಟರ್ನೆಟ್ಟನ್ನು ಕಡಿದರೂ ಅದು ದುಡಿಯುವುದೇ ಎಂದು ಮೊದಲು ವಿಚಾರಿಸಲಿ. ತಂದಿಟ್ಟ ಬಳಿಕ ಅದರ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಲಿ. ಮನೆಯೊಳಗೆ ಎಲ್ಲಿ ಕ್ಯಾಮೆರಾ ಇದೆ, ಎಲ್ಲಿ ಮೈಕು ಇದೆ ಎಂಬುದನ್ನು ಮನೆಗೆ ಬಂದವರಿಗೆಲ್ಲ ತಿಳಿಸಲಿ.