ವಿಮಾನಗಳ ಅಂತರಪಾಲನೆ
ಹಾರಾಟದಲ್ಲಿರುವ ವಿಮಾನಗಳು ಡಿಕ್ಕಿಯಾಗದಂತೆ ವಾಯು ಸಂಚಾರ ನಿಯಂತ್ರಕರು ಅವುಗಳ ನಡುವೆ ಕಾಯ್ದುಕೊಳ್ಳುವ ಕನಿಷ್ಠ ದೂರ. ರಾಡಾರ್ ಕಣ್ಗಾವಲಿನಲ್ಲಿ ಸಮತಲ ಅಂತರ ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಅಂದರೆ ಸುಮಾರು 9 ಕಿ.ಮೀ.; ಲಂಬ ಅಂತರ 1,000 ಅಡಿ. ಎರಡರಲ್ಲಿ ಒಂದಿದ್ದರೆ ಸಾಕು. 29,000 ಅಡಿಯ ಮೇಲೆ ಹಿಂದೆ 2,000 ಅಡಿ ಲಂಬ ಅಂತರ ಬೇಕಿತ್ತು. ಏಕೆಂದರೆ ತೆಳುಗಾಳಿಯಲ್ಲಿ ಎತ್ತರಮಾಪಕಗಳನ್ನು ಅಷ್ಟಾಗಿ ನಂಬುವಂತಿರಲಿಲ್ಲ. ಉಪಕರಣಗಳು ಸುಧಾರಿಸಿದ ಮೇಲೆ ಅದೂ 41,000 ಅಡಿಯವರೆಗೆ ಅರ್ಧಕ್ಕಿಳಿಯಿತು.

ಈ ಅಂತರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ: 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಬಳಿ, 15,000 ಅಡಿಯಲ್ಲೇ ಇರಬೇಕಿದ್ದ ಕಝಕಸ್ತಾನದ ಇಲ್ಯೂಶಿನ್ ವಿಮಾನ ಇನ್ನೂ ಕೆಳಗಿಳಿದು, 14,000 ಅಡಿಯಲ್ಲಿದ್ದ ಸೌದಿ ಬೋಯಿಂಗ್‌ಗೆ ಬಡಿಯಿತು. ಎರಡರಲ್ಲಿದ್ದ 349 ಮಂದಿಯೂ ಸತ್ತರು. ದೆಹಲಿ ನಿಯಂತ್ರಕರ ಆದೇಶದಲ್ಲಿ ತಪ್ಪಿರಲಿಲ್ಲ. ಆದರೆ ಅಂದಿನ ದೆಹಲಿ ರಾಡಾರ್ ಪರದೆ ವಿಮಾನದ ಎತ್ತರವನ್ನೇ ತೋರಿಸುತ್ತಿರಲಿಲ್ಲ. ಆ ಬಳಿಕ ಭಾರತ ವಿಮಾನಗಳಲ್ಲಿ ಡಿಕ್ಕಿ ತಡೆ ಸಾಧನವನ್ನು ಕಡ್ಡಾಯಗೊಳಿಸಿತು.