ಆರೈಕೆ ಮಾಡುವವರ ಆರೈಕೆ: ಒಂದು ಚಾರಿತ್ರಿಕ ನೋಟ



ನಮ್ಮ ಜಿಲ್ಲೆಯ ಚರಿತ್ರೆ ಹೇಳುವಾಗ ಆಸ್ಪತ್ರೆ ಕಟ್ಟಿದವರ ಹೆಸರನ್ನು ನಾವು ಅಭಿಮಾನದಿಂದ ಹೇಳುತ್ತೇವೆ. 1923ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಮಿಶನ್ ಆಸ್ಪತ್ರೆ ತೆರೆದರು. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕಿಗೆ ಅಡಿಪಾಯ ಹಾಕಿದ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಜಾಗ ದಾನ ಕೊಟ್ಟರು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಬೋಳುಗುಡ್ಡಕ್ಕೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ತಂದರು. ಇವೆಲ್ಲ ನಮಗೆ ಗೊತ್ತು. ಆದರೆ ಆ ವಾರ್ಡುಗಳಲ್ಲಿ ರಾತ್ರಿಯಿಡೀ ನಿಂತವರು ಎಷ್ಟು ಗಂಟೆ ನಿಂತರು, ಎಲ್ಲಿ ತಲೆ ಚಾಚಿದರು ಎಂಬುದನ್ನು ಯಾವ ಶಿಲಾಫಲಕವೂ ಹೇಳುವುದಿಲ್ಲ.

ಕಾಪು, ಕಾರ್ಕಳದ ಕಡೆಯ ಎಷ್ಟೋ ಹೆಣ್ಣುಮಕ್ಕಳು ಇಂದು ನರ್ಸಿಂಗ್ ಓದುತ್ತಿದ್ದಾರೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಉರ್ದುವಿನಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ‘ತೀಮಾರ್‌ದಾರ್’ ಎನ್ನುತ್ತೇವೆ. ಮೂಲ ಪಾರ್ಸಿಯಲ್ಲಿ ‘ತೀಮಾರ್’ ಎಂದರೆ ಆರೈಕೆಯೂ ಹೌದು, ದುಃಖವೂ ಹೌದು. ಬೀಮಾರನ ನೋವಿನಲ್ಲಿ ಒಂದು ಪಾಲು ತೀಮಾರ್‌ದಾರನ ಮೈಗೂ ಅಂಟುತ್ತದೆ ಎಂಬುದು ಆ ಭಾಷೆಯನ್ನಾಡಿದವರಿಗೆ ತಿಳಿದಿತ್ತೆಂದು ನನಗೆ ತೋರುತ್ತದೆ. ಒಂಬತ್ತನೆಯ ಶತಮಾನದಲ್ಲಿ ಅಲ್-ರುಹಾವೀ ಎಂಬ ವೈದ್ಯರು ಅರಬಿಯಲ್ಲಿ ‘ಅದಬುತ್ತಬೀಬ್’ ಎಂಬ ಗ್ರಂಥ ಬರೆದರು. ವೈದ್ಯನ ನಡತೆಯನ್ನು ಹೇಳುವ ಇಪ್ಪತ್ತು ಅಧ್ಯಾಯಗಳ ಆ ಪುಸ್ತಕದಲ್ಲಿ ಎರಡನೆಯ ಅಧ್ಯಾಯವೇ ವೈದ್ಯನು ತನ್ನ ಶರೀರವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದರ ಬಗ್ಗೆ ಇದೆ. ರೋಗಿಯ ಸರದಿ ಆಮೇಲೆ ಬರುತ್ತದೆ!

ಇನ್ನು ನಮ್ಮ ಕರಾವಳಿಯದೇ ಕಥೆಗೆ ಬರೋಣ. ಹೊನ್ನಾವರದ ಹಳದೀಪುರದಿಂದ ಅರುಣಾ ಶಾನಭಾಗ್ ಎಂಬ ಯುವತಿ ನರ್ಸ್ ಆಗಲು ಮುಂಬಯಿಗೆ ಹೋದಳು. 1973ರ ನವೆಂಬರ್ 27ರಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ಕೆಲಸ ಮುಗಿಸಿ, ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅಲ್ಲಿನದೇ ಒಬ್ಬ ಕೆಲಸಗಾರ ಆಕೆಯ ಮೇಲೆ ಎರಗಿದ. ನಾಯಿ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದ. ಆಗ ಆಕೆಗೆ 25 ವರ್ಷ. ಮೆದುಳಿಗೆ ಹಾನಿಯಾಗಿ ಮತ್ತೆಂದೂ ಎದ್ದೇಳಲಿಲ್ಲ.

ಆಗ ಮುಂಬಯಿಯ ನರ್ಸುಗಳು ಮುಷ್ಕರ ಹೂಡಿದರು. ಅರುಣಾಳಿಗೆ ಒಳ್ಳೆಯ ಆರೈಕೆ ಬೇಕು, ತಮಗೆ ಸುರಕ್ಷಿತವಾದ ಕೆಲಸದ ಪರಿಸ್ಥಿತಿ ಬೇಕು ಎಂದು ಎರಡನ್ನೂ ಒಟ್ಟಿಗೆ ಕೇಳಿದರು. ಸೇವೆ ಮಾಡುವವರು ತಮಗಾಗಿ ಏನನ್ನೂ ಕೇಳಬಾರದು ಎನ್ನುವವರು ಈ ಮುಷ್ಕರವನ್ನು ಓದಬೇಕು. 1980ರ ದಶಕದಲ್ಲಿ ಹಾಸಿಗೆ ಖಾಲಿ ಮಾಡಿಸಲು ನಗರಪಾಲಿಕೆ ಪ್ರಯತ್ನಿಸಿದಾಗ ಪುನಃ ಪ್ರತಿಭಟಿಸಿ ತಡೆದರು. 2011ರ ಮಾರ್ಚ್ 7ರಂದು ದಯಾಮರಣದ ಅರ್ಜಿಯನ್ನು ತಳ್ಳಿಹಾಕಿದ ಸುಪ್ರೀಂ ಕೋರ್ಟ್, ಆಕೆಯ ಪರವಾಗಿ ಮಾತಾಡುವ ಹಕ್ಕು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದೇ ಎಂದಿತು. 2015ರ ಮೇ 18ರಂದು ಆಕೆ ತೀರಿಕೊಂಡಳು.

ಸುಮಾರು 42 ವರ್ಷ! ಇದನ್ನು ತ್ಯಾಗವೆಂದು ಹೊಗಳುವುದು ವಾಡಿಕೆ. ತ್ಯಾಗ ಹೌದು, ಆದರೆ ನೀವು ಇನ್ನೊಂದನ್ನೂ ಗಮನಿಸಬೇಕು. ಆ ಆರೈಕೆ ಪಾಳಿಯ ಮೇಲೆ ನಡೆಯಿತು. ಒಬ್ಬಳು ಚಾರ್ಜ್ ಒಪ್ಪಿಸಿ ಮನೆಗೆ ಹೋದಳು, ಇನ್ನೊಬ್ಬಳು ಬಂದಳು. ಒಂದು ತಲೆಮಾರು ನಿವೃತ್ತಿಯಾಯಿತು, ಅರುಣಾಳ ಜೊತೆ ಒಂದು ದಿನವೂ ಕೆಲಸ ಮಾಡದ ಹುಡುಗಿಯರು ಮುಂದುವರಿಸಿದರು. ಒಬ್ಬಳೇ ಹೊತ್ತಿದ್ದರೆ 42 ತಿಂಗಳು ನಡೆಯುತ್ತಿತ್ತೇ? ಮನೆಯಲ್ಲಿ ಲಕ್ವ ಹೊಡೆದ ಅತ್ತೆಯನ್ನು ಒಬ್ಬಳೇ ಸೊಸೆ ನೋಡಿಕೊಳ್ಳುವ ಕುಟುಂಬಗಳೂ ಇದನ್ನು ಯೋಚಿಸಬಹುದು.

ಅರುಣಾ ಮಲಗಿದ ಮರುವರ್ಷ, 1974ರಲ್ಲಿ, ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ‘ಬರ್ನ್‌ಔಟ್’ ಎಂಬುದರ ಬಗ್ಗೆ ಲೇಖನ ಬರೆದರು. ಉಚಿತ ಚಿಕಿತ್ಸಾಲಯದಲ್ಲಿ ಹಗಲಿರುಳು ದುಡಿದ ಉತ್ಸಾಹಿಗಳೇ ಒಳಗಿನಿಂದ ಸುಟ್ಟು ಬೂದಿಯಾಗುವುದನ್ನು ಅವರು ಕಂಡಿದ್ದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತನ್ನ ಪಟ್ಟಿಯಲ್ಲಿ ಸೇರಿಸುವಾಗ ಕಾಯಿಲೆ ಎನ್ನಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಈ ವ್ಯತ್ಯಾಸ ಸಣ್ಣದಲ್ಲ. ದೋಷ ಹುಡುಗಿಯ ಮನೋಬಲದಲ್ಲಿ ಮಾತ್ರ ಹುಡುಕಬೇಡಿ, ಡ್ಯೂಟಿ ಪಟ್ಟಿಯಲ್ಲೂ ಹುಡುಕಿ ಎಂದಂತಾಯಿತು.

ನಮ್ಮ ದೇಶದಲ್ಲಿ ನಿಯಮ ಇಲ್ಲವೆಂದಲ್ಲ. ರೆಸಿಡೆಂಟ್ ವೈದ್ಯರಿಗೆ ಸಾಮಾನ್ಯವಾಗಿ ಸತತ 12 ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಸೂಚಿಸಿದೆ. ಆದರೂ 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ದೀರ್ಘ ಪಾಳಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಮಲಗಲು ಹೋದ ಯುವ ವೈದ್ಯೆ ಕೊಲೆಯಾದಳು. ಅದೇ ತಿಂಗಳು ಸುಪ್ರೀಂ ಕೋರ್ಟ್ ಅರುಣಾ ಶಾನಭಾಗ್ ಹೆಸರನ್ನು ನೆನಪಿಸಿಕೊಂಡು, ವೈದ್ಯ ಸಿಬ್ಬಂದಿಯ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ನಡುವೆ ಸುಮಾರು 51 ವರ್ಷ ಕಳೆದಿತ್ತು.

ವಿದ್ಯಾರ್ಥಿನಿಯರೇ, ರೋಗಿಯ ಮನೆಯವರು ನಿಮ್ಮ ಸ್ವಂತ ಮೊಬೈಲ್ ನಂಬರ್ ಕೇಳಿದರೆ ವಾರ್ಡಿನ ನಂಬರ್ ಕೊಡಿ; ಅದು ನಿರ್ದಯೆಯಲ್ಲ. ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ, ಇಲ್ಲಿ ಮಣಿಪಾಲವಿರಲಿ, ದೂರದ ದಮಾಮ್ ಇರಲಿ, ಸಂಬಳದ ಜೊತೆಗೆ ಪಾಳಿ ಎಷ್ಟು ಗಂಟೆಯದ್ದು, ರಾತ್ರಿ ಪಾಳಿಯ ನಂತರ ರಜೆ ಇದೆಯೇ, ಬಟ್ಟೆ ಬದಲಿಸುವ ಕೋಣೆ ಎಲ್ಲಿದೆ ಎಂಬುದನ್ನೂ ಕೇಳಿ.