ದೀಪವಿಲ್ಲದ ಕೀಲಿ

1990ರ ದಶಕದ ಮಾತು. ನಾನು ಮೇಡಂ ಅನ್ನಿಸಿಕೊಂಡು ಇನ್ನೂ ಎರಡು ವರ್ಷವಾಗಿರಲಿಲ್ಲ. ದಾನಿಗಳೊಬ್ಬರು ತಾವು ಬಳಸಿ ಬಿಟ್ಟಿದ್ದ ಹಳೆಯ ಕಂಪ್ಯೂಟರೊಂದನ್ನು ನಮ್ಮ ಶಾಲೆಗೆ ಕೊಟ್ಟಿದ್ದರು. ವಾರ್ಷಿಕ ಪರೀಕ್ಷೆಯ ಅಂಕಗಳನ್ನು ಅದರಲ್ಲಿ ತುಂಬಲು ದಿನಗೂಲಿಯ ಮೇಲೆ ಒಬ್ಬ ಹುಡುಗಿ ಬರುತ್ತಿದ್ದಳು. ಟೈಪಿಂಗ್ ಚೆನ್ನಾಗಿ ಕಲಿತವಳು. ಕಣ್ಣು ರಿಜಿಸ್ಟರಿನ ಮೇಲಿದ್ದರೆ ಬೆರಳು ತಮ್ಮಷ್ಟಕ್ಕೆ ಓಡುತ್ತಿದ್ದವು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಅವಳು ಮತ್ತೆ ಕೂತು ನಲವತ್ತು ಮಕ್ಕಳ ಅಂಕ ಒತ್ತಿದಳು. ತಲೆಯೆತ್ತಿ ನೋಡಿದರೆ ಪರದೆಯ ಮೇಲೆ ಹೊಸದಾಗಿ ಒಂದು ಅಂಕಿಯೂ ಬಿದ್ದಿಲ್ಲ! “ಗಮನ ಎಲ್ಲಿಟ್ಟಿದ್ದೀಯಮ್ಮ?” ಎಂದು ಎಲ್ಲರೆದುರು ಗದರಿದವಳು ನಾನೇ. ಪಾಪ, ಅವಳು ಮರುಮಾತಾಡಲಿಲ್ಲ.

ಮರುದಿನ ರಿಪೇರಿಯವನು ಬಂದು, “ನಮ್ ಲಾಕ್ ಆಫ್ ಆಗಿದೆ ಮೇಡಂ, ಅಷ್ಟೇ” ಎಂದ. ಆ ‘ಅಷ್ಟೇ’ ಎಂಬುದರ ಹಿಂದಿನ ಕಥೆ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಈ ಲಾಕ್ ಕೀಲಿಗಳ ತವರು ಟೈಪ್‌ರೈಟರು. 1874ರ ಮೊದಲ ರೆಮಿಂಗ್ಟನ್ ಯಂತ್ರ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಮಾತ್ರ ಅಚ್ಚೊತ್ತುತ್ತಿತ್ತು. 1878ರಲ್ಲಿ ಬಂದ ಎರಡನೆಯ ಮಾದರಿ ಶಿಫ್ಟ್ ಕೀಲಿಯನ್ನು ತಂದಿತು. ಆಮೇಲೆ ಬಂದದ್ದು ಶಿಫ್ಟ್ ಲಾಕ್. ಅದನ್ನು ಒತ್ತಿದರೆ ಕೀಲಿ ಕೆಳಗೇ ಕೂತಿರುತ್ತಿತ್ತು, ಬೆರಳಿಗೆ ಗೊತ್ತಾಗುತ್ತಿತ್ತು.

1981ರಲ್ಲಿ ಐಬಿಎಂ ಕಂಪನಿಯ ಪಿಸಿ ಬಂದಾಗ ಈ ಸುಖ ತಪ್ಪಿತು. ಒತ್ತಿದ ಲಾಕ್ ಕೀಲಿ ಮೇಲೆದ್ದುಬಿಡುತ್ತಿತ್ತು. ಅದು ಹಾಕಿದೆಯೋ ತೆಗೆದಿದೆಯೋ ಎಂಬುದು ಯಂತ್ರದ ಮನಸ್ಸಿನಲ್ಲಿ ಮಾತ್ರ. 83 ಕೀಲಿಗಳ ಆ ಮಣೆಯಲ್ಲಿ ಬಾಣದ ಕೀಲಿಗಳು ಬೇರೆ ಇರಲಿಲ್ಲ. ಬಲಗಡೆಯ ಅಂಕಿಗಳೇ ಎರಡೂ ಕೆಲಸ ಮಾಡಬೇಕು. ನಮ್ ಲಾಕ್ ಹಾಕದಿದ್ದರೆ 8 ಒತ್ತಿದಾಗ ಕರ್ಸರ್ ಮೇಲೆ ಹೋಗುತ್ತದೆ, 4 ಒತ್ತಿದಾಗ ಎಡಕ್ಕೆ. ಅಂಕಿ ಮೂಡದು. ತಿಳಿಸಲು ಒಂದು ದೀಪವೂ ಇಲ್ಲ. ಯಂತ್ರ ಹೊಸದಾಗಿ ಶುರುವಾದಾಗಲೆಲ್ಲ ನಮ್ ಲಾಕ್ ತಾನೇ ತೆಗೆದಿರುತ್ತಿತ್ತು. ನಮ್ಮಲ್ಲಿದ್ದದ್ದೂ ಆ ಜಾತಿಯದೇ. ಕರೆಂಟು ಹೋಗಿ ಬಂದಾಗ ಆದದ್ದೂ ಅದೇ.

1984ರ ಮಾದರಿಯಲ್ಲಿ ಐಬಿಎಂ ದೀಪಗಳನ್ನು ಇಟ್ಟಿತು. ಅನಂತರದ 101 ಕೀಲಿಗಳ ಮಣೆಯಲ್ಲಿ ಬಾಣಗಳು ಬೇರೆಯಾದವು. ಆಗ ನಮ್ ಲಾಕ್ ಮೊದಲಿಗೇ ಹಾಕಿರತೊಡಗಿತು. ಅಂಕಿಗಳ ಜಾಗದಲ್ಲೇ ಬಾಣ ಒತ್ತಿ ರೂಢಿಯಾದವರಿಗೆ ಈಗ ಅಂಕಿ ಬೀಳತೊಡಗಿದವು. ಅತ್ತೆಗೊಂದು ರುಚಿ, ಸೊಸೆಗೊಂದು ರುಚಿ!

ಇದಕ್ಕೆ ಮದ್ದು ಹುಡುಕಿದವರು ಬಳಸುವವರೇ. ಯಂತ್ರದ ನೆನಪಿನ ಒಂದು ಬೈಟಿನಲ್ಲಿ ಈ ಬೀಗಗಳ ಲೆಕ್ಕವಿತ್ತು: ಸ್ಕ್ರೋಲ್ ಲಾಕಿಗೆ 16, ನಮ್ ಲಾಕಿಗೆ 32, ಕ್ಯಾಪ್ಸ್ ಲಾಕಿಗೆ 64. ಅದನ್ನು ಬೇಕಾದಂತೆ ತಿರುಗಿಸುವ ಪುಟ್ಟ ಪ್ರೋಗ್ರಾಂಗಳನ್ನು ಬರೆದರು. ಹನ್ನೊಂದು ಬೈಟು ಸಾಕು. ಇಂದಿನ ಯುಟಿಎಫ್-8 ರೀತಿಯಲ್ಲಿ ‘ಕನ್ನಡ’ ಎಂಬ ಪದವನ್ನು ಬರೆದಿಡಲು 15 ಬೈಟು ಬೇಕು! ಅಮೆರಿಕದ ಕಂಪ್ಯೂಟರ್ ಪತ್ರಿಕೆಗಳು, ನಮ್ಮ ವಾರಪತ್ರಿಕೆಗಳು ಹೊಸರುಚಿ ಅಚ್ಚುಹಾಕುವಂತೆ, ಇಂಥವನ್ನು ಅಚ್ಚುಹಾಕುತ್ತಿದ್ದವು. ಓದಿದವರು ತಾವೇ ಟೈಪು ಮಾಡಿಕೊಳ್ಳುತ್ತಿದ್ದರು. ಕೊನೆಗೆ 1993ರ ಎಂಎಸ್-ಡಾಸ್ 6ರಲ್ಲಿ ಇದಕ್ಕೆಂದೇ ಒಂದು ಆಜ್ಞೆ ಸೇರಿತು. ಲಾಕ್ ಒತ್ತಿದಾಗ ಸದ್ದು ಮಾಡಿ ತಿಳಿಸುವ ಸೌಲಭ್ಯ ವಿಂಡೋಸ್ 95ರಲ್ಲಿತ್ತು. ದೀಪ ಕಾಣದವರಿಗೂ ಅದರಿಂದ ಅನುಕೂಲ.

ನಮ್ಮ ರಿಪೇರಿಯವನೂ ಅಂಥದೇ ಒಂದನ್ನು ಹಾಕಿಕೊಟ್ಟ. ಆಮೇಲೆ ಕರೆಂಟು ಎಷ್ಟು ಸಲ ಹೋದರೂ ಅಂಕಿಗಳು ಸರಿಯಾಗಿಯೇ ಬಿದ್ದವು.

ಈಗಲೂ ಯಾರಾದರೂ ಮಗು “ಪಾಸ್‌ವರ್ಡ್ ತಗೋತಿಲ್ಲ ಮಿಸ್” ಎಂದರೆ ನಾನು ಮೊದಲು ನೋಡುವುದು ಕ್ಯಾಪ್ಸ್ ಲಾಕಿನ ದೀಪವನ್ನು; ಮಗುವಿನ ಮುಖವನ್ನಲ್ಲ.

ಆ ಹುಡುಗಿಯಲ್ಲಿ ಕ್ಷಮೆ ಕೇಳಿದೆ, ನಿಜ. ಆದರೆ ಗದರಿದ್ದು ಎಲ್ಲರೆದುರು. ಕ್ಷಮೆ ಕೇಳಿದ್ದು ಅವಳೊಬ್ಬಳನ್ನೇ ವರಾಂಡಕ್ಕೆ ಕರೆದು.